ಹಲಗಲಿಯ ಕಾರಕೂನ

ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲಿ ಹಲಗಲಿ ಬೇಡರ ಲಾವಣಿ ಇದೆ. ಪರೀಕ್ಷೆಗೆ ಬರೋ ಪ್ರಶ್ನೆಗಳು ಎಲ್ಲರಿಗೂ ಗೊತ್ತಿದ್ದವೇ. ಹಲಗಲಿ ಎಲ್ಲಿದೆ? ನಾಲ್ವರು ಪ್ರಮುಖರು ಯಾರು? ದಂಗೆಗೆ ಕಾರಣವಾದ ಆದೇಶ ಯಾವುದು? ಹುಡುಗರು ಹನುಮ, ಬಾಲ, ಜಡಗ, ರಾಮ ಅಂತ ಬೆರಳು ಮಡಚಿ ಹೇಳಿಬಿಡ್ತಾರೆ. ಮೂರನೇದಕ್ಕೆ 'ನಿಶ್ಶಸ್ತ್ರೀಕರಣ ಕಾಯ್ದೆ' ಅಂತ ಬರೆದರೆ ಒಂದು ಅಂಕ. ಆ ಒಂದು ಅಂಕದ ಹತ್ತಿರ ಕಾಯ್ದೆಯ ಕತೆ ಮುಗೀತು. ಅದು ಎಂಥ ಕಾಯ್ದೆ, ಯಾರಿಗೆ ಬಿತ್ತು, ಯಾರಿಗೆ ಬೀಳಲಿಲ್ಲ, ಆಮೇಲೆ ಎಲ್ಲಿಗೆ ಹೋಯ್ತು ಅಂತ ಮೇಷ್ಟ್ರೂ ಕೇಳೋದಿಲ್ಲ, ವಿಮರ್ಶಕರೂ ಕೇಳಿದ್ದು ಕಡಿಮೆ. ನನ್ನ ತಕರಾರು ಇಷ್ಟೇ: ಒಂದು ಕಾಯ್ದೆಯ ಮೇಲೆ ಕಟ್ಟಿದ ಪದವನ್ನ ನಾವು ಒಂದು ಕಾಳಗದ ಪದ ಅಂತ ಓದಿಕೊಂಡು ಬಂದಿದ್ದೇವೆ.

ಮೀರತ್‌ನಲ್ಲಿ ಸಿಪಾಯಿಗಳು ಎದ್ದದ್ದು 1857ರ ಮೇ ತಿಂಗಳಲ್ಲಿ. ಸೆಪ್ಟೆಂಬರ್‌ಗೆಲ್ಲ ಕಲ್ಕತ್ತೆಯಲ್ಲಿ ಆ ವರ್ಷದ 28ನೇ ಕಾಯ್ದೆ ತಯಾರು. ಆಯುಧ ತಯಾರಿಸೋದು, ಮಾರೋದು, ತರಿಸೋದು, ಇಟ್ಟುಕೊಳ್ಳೋದು ಎಲ್ಲದಕ್ಕೂ ಸರಕಾರದ ಕಡಿವಾಣ. ಜೊತೆಗೆ ಮನೆ ಹೊಕ್ಕು ಹುಡುಕೋ ಅಧಿಕಾರ. ಮುಧೋಳ ಅನ್ನೋದು ಘೋರ್ಪಡೆಯವರ ಸಂಸ್ಥಾನ. ಕಂಪನಿಯ ನೇರ ಆಡಳಿತದ ನೆಲ ಅಲ್ಲದಿದ್ದರೂ ಹುಕುಂ ಅಲ್ಲಿಗೂ ಬಂತು. ಹಲಗಲಿಯ ಬೇಡರು ಕೊಡಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರು ಸುಟ್ಟಿತು. ಡಿಸೆಂಬರ್‌ನಲ್ಲಿ ಮುಧೋಳದಲ್ಲಿ 13 ಜನರನ್ನ, ಹಲಗಲಿಯಲ್ಲೇ ಇನ್ನೂ 6 ಜನರನ್ನ ಗಲ್ಲಿಗೆ ಹಾಕಿದರು. ಇದಿಷ್ಟು ಇತಿಹಾಸ.

ಈಗ ಲಾವಣಿಕಾರ ಎಲ್ಲಿಂದ ಶುರು ಮಾಡ್ತಾನೆ ನೋಡ್ರಿ. ಅವನು ವೀರರ ಹುಟ್ಟಿನಿಂದ ಶುರು ಮಾಡೋದಿಲ್ಲ, ಊರಿನ ವರ್ಣನೆಯಿಂದಲೂ ಅಲ್ಲ. ವಿಲಾಯತಿಯಿಂದ ಹೊರಟ ಒಂದು ಹುಕುಮಿನಿಂದ ಶುರು ಮಾಡ್ತಾನೆ. ಸಮುದ್ರದಾಚೆ ಎಲ್ಲೋ ಬರೆದ ಕಾಗದ, ಎಲ್ಲ ಜನರ ಹತಾರ ಕಸಿಯಬೇಕು ಅನ್ನೋ ಆದೇಶ, ಅದು ನಡೆದುಕೊಂಡು ನಡೆದುಕೊಂಡು ಒಂದು ಸಣ್ಣ ಊರಿನ ಅಗಸಿಗೆ ಬರ್ತದೆ. ಅದನ್ನ ಹೊತ್ತು ತಂದವನು ಸರದಾರನಲ್ಲ, ಕಾರಕೂನ. ಬೇಡರ ಮೊದಲ ಏಟು ಬೀಳೋದು ಆ ಕಾರಕೂನನ ಕಪಾಳಕ್ಕೆ. ಬಿಳಿ ಸಾಹೇಬ ಆಮೇಲೆ ಬರ್ತಾನೆ, ಕುದುರೆ ಆಮೇಲೆ, ಗುಂಡು ಆಮೇಲೆ. ನಾಟಕ ಬರೆಯೋರು, ರೂಪಕ ಮಾಡೋರು ಈ ಕಪಾಳಮೋಕ್ಷವನ್ನ ನಗೆ ಪ್ರಸಂಗ ಮಾಡಿ ಮುಂದೆ ಓಡ್ತಾರೆ, ಯಾಕಂದ್ರೆ ಅವರಿಗೆ ಬೇಗ ಕೋಟೆ ಕಾಳಗ ಬೇಕು. ನನಗೆ ಮಾತ್ರ ಇಡೀ ಪದದಲ್ಲಿ ಅತಿ ಗಂಭೀರವಾದ ಜಾಗ ಇದೇ ಅನ್ನಿಸ್ತದೆ. ಕಾಯ್ದೆ ಅನ್ನೋದು ಹಳ್ಳಿಗೆ ಬರೋದೇ ಹಂಗೆ, ಒಬ್ಬ ಬರಕೊಳ್ಳೋ ಮನುಷ್ಯನ ರೂಪದಲ್ಲಿ. ಅವನ ಕೈಯಲ್ಲಿ ಪಟ್ಟಿ ಇರ್ತದೆ. ಯಾರ ಮನೆಯಲ್ಲಿ ಎಷ್ಟು ಅಂತ ಬರೆದುಕೊಂಡು ಹೋಗೋದು ಅವನ ಕೆಲಸ. ಬರಕೊಂಡು ಹೋದ ಮೇಲೆ ಉಳಿದದ್ದೆಲ್ಲ ಬರೀ ವೇಳೆಯ ಪ್ರಶ್ನೆ ಅಂತ ಬೇಡರಿಗೆ ಗೊತ್ತಿತ್ತು.

'ಹತಾರ' ಅನ್ನೋ ಮಾತನ್ನೂ ಸ್ವಲ್ಪ ನೋಡಬೇಕು. ಪಠ್ಯದ ಟಿಪ್ಪಣಿ ಆಯುಧ ಅಂತ ಅರ್ಥ ಕೊಟ್ಟು ಕೈ ತೊಳ್ಕೊಳ್ತದೆ. ನಮ್ಮ ಕಡೆ ಬಡಿಗನ ಉಳಿ ಬಾಚಿಯೂ ಹತ್ಯಾರವೇ, ಕಮ್ಮಾರನ ಸುತ್ತಿಗೆ ಇಕ್ಕಳವೂ ಹತ್ಯಾರವೇ. ಖಂಡೇಪೂಜೆಯ ದಿನ ಮಳಗಿಯಲ್ಲಾಗಲಿ ಮುಂಡಗೋಡದಲ್ಲಾಗಲಿ ಒಂದು ಮನೆಯ ಜಗಲಿ ನೋಡಿದರೆ ಗೊತ್ತಾಗ್ತದೆ: ಕೊಡಲಿ, ಕತ್ತಿ, ಕುಡಗೋಲು, ನೇಗಿಲ ಕುಳ, ಈಗೀಗ ಬೈಕು, ಪಂಪಿನ ಸ್ಟಾರ್ಟರು, ಇದ್ದವರ ಮನೆಯಲ್ಲಿ ಕೋವಿ, ಎಲ್ಲಕ್ಕೂ ಒಂದೇ ಕುಂಕುಮ. ಯಾವುದು ಆಯುಧ, ಯಾವುದು ಉಪಕರಣ ಅನ್ನೋ ಗೆರೆ ಎಳೆಯೋದು ಸರಕಾರ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ, ಮನೆಗೆಲಸಕ್ಕೆ ಅಥವಾ ಬೇಸಾಯಕ್ಕೆ ಅಂತಲೇ ಮಾಡಿದ ವಸ್ತು, ಊರುಗೋಲು, ಲಾಠಿ ಇವು ಆಯುಧವಲ್ಲ ಅಂತ ಬಿಡಿಸಿ ಬರೆಯಬೇಕಾಗಿ ಬಂತು. ಹಂಗೆ ಬರೆಯದಿದ್ದರೆ ನಮ್ಮ ಅರ್ಧ ಊರು ಕಳ್ಳರು.

ಹಲಗಲಿಯಲ್ಲಿ ಆ ಗೆರೆ ಇರಲಿಲ್ಲ ಅನ್ನೋದನ್ನ ಲಾವಣಿ ತೋರಿಸ್ತದೆ. ದಂಡು ಊರು ಹೊಕ್ಕ ಮೇಲೆ ಏನೇನು ಒಯ್ದರು ಅಂತ ಕವಿ ಪಟ್ಟಿ ಕೊಡ್ತಾನೆ. ಕೊಡಲಿ, ಕುಡಗೋಲು ಹೋದವು. ಇದನ್ನ ಹತಾರ ಅಂದ್ಕೊಳ್ಳೋಣ. ಆದರೆ ಪಟ್ಟಿ ಅಲ್ಲಿಗೆ ನಿಲ್ಲೋದಿಲ್ಲ. ಹಾಲು ಮೊಸರು ಬೆಣ್ಣೆ ಹೋಯ್ತು, ಉಪ್ಪು ಎಣ್ಣೆ ಹೋಯ್ತು, ಅಡುಗೆ ಮನೆಯ ಜೀರಿಗೆ ಬೆಲ್ಲ ಹೋಯ್ತು, ಹೆಂಗಸರ ಕೊರಳಿನ ಮಂಗಳಸೂತ್ರ ಹೋಯ್ತು, ಕಡೆಗೆ ಬೀಸುಕಲ್ಲನ್ನೂ ಬಿಡಲಿಲ್ಲ. ಬೀಸುಕಲ್ಲು! ಅದನ್ನ ಹೊತ್ತುಕೊಂಡು ಹೋದ ಸಿಪಾಯಿಯ ಬೆನ್ನಾದರೂ ನೋವಾಗಿರಬೇಕು. ಇದನ್ನ ನಾನು ಪಂಚನಾಮೆ ಅಂತ ಓದ್ತೇನೆ. ಸರಕಾರದ ಕಡತದಲ್ಲಿ ಇಷ್ಟು ಕತ್ತಿ, ಇಷ್ಟು ಬಂದೂಕು ವಶ ಅಂತ ಇರ್ತದೆ. ಲಾವಣಿಕಾರ ಎದುರು ಪಂಚನಾಮೆ ಬರೆದ, ಕಡತ ಬರೆಯದೇ ಬಿಟ್ಟ ವಸ್ತುಗಳದ್ದು. ಕಾವ್ಯ ಅಂದ್ರೆ ಉಪಮೆ ರೂಪಕ ಅಂತ ಹುಡುಕೋರಿಗೆ ಈ ಸಾಲುಗಳು ಸಪ್ಪೆ ಕಾಣಬಹುದು. ಬರೀ ಸಾಮಾನಿನ ಹೆಸರು. ಆದರೆ ಊರು ಸುಟ್ಟದ್ದರ ಬಗ್ಗೆ ಕನ್ನಡದಲ್ಲಿ ಬಂದ ಎಷ್ಟೋ ರೋಷಾವೇಶದ ಪದ್ಯಗಳಲ್ಲಿ ಇಲ್ಲದ್ದು ಈ ಕಿರಾಣಿ ಪಟ್ಟಿಯಲ್ಲಿದೆ.

ತಮಾಷೆ ಅಂದ್ರೆ ಈ ಲಾವಣಿಯನ್ನ ಮೊದಲು ಅಚ್ಚಿಗೆ ತಂದವರಲ್ಲಿ ಒಬ್ಬರು ಬ್ರಿಟಿಷ್ ಸರಕಾರದ ಅಧಿಕಾರಿಯೇ, ಜೆ. ಎಫ್. ಫ್ಲೀಟ್. ಶಾಸನ ಓದೋದರಲ್ಲಿ ಪಂಡಿತ, ಮುಂಬಯಿ ಕರ್ನಾಟಕದಲ್ಲಿ ಕೆಲಸ ಮಾಡಿದವರು. ಆ ಕಾಲದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನ ಒಂದಾದ ಮೇಲೊಂದು ಪ್ರಕಟಿಸಿದರು, ಅದರಲ್ಲಿ ಹಲಗಲಿಯದೂ ಇತ್ತು. ಹತಾರ ಕಸಿದ ಸರಕಾರದ ಮನುಷ್ಯನೇ ಪದ ಉಳಿಸಿಕೊಟ್ಟ. ನಮ್ಮ ಜಿಲ್ಲೆಗೆ ಅಷ್ಟೂ ದಕ್ಕಲಿಲ್ಲ. 1858–59ರಲ್ಲಿ ಸೂಪಾ ಕಾಡಿನಲ್ಲಿ ಸಾವಂತವಾಡಿ ಕಡೆಯ ಬಂಡಾಯಗಾರರ ಜೊತೆ ಸಿದ್ದಿ ಬಸ್ತ್ಯಾಂವ್ ಅನ್ನೋನೂ ಕೋವಿ ಹಿಡಿದಿದ್ದ. ಅವನು ಸಿಗೋದು ಗೆಜೆಟಿಯರ್‌ನಲ್ಲಿ, ಅಂದ್ರೆ ಅವನನ್ನ ಬೇಟೆಯಾಡಿದವರ ಭಾಷೆಯಲ್ಲಿ. ಹಲಗಲಿಯ ಜನಕ್ಕೆ ತಮ್ಮದೇ ಭಾಷೆಯ ಪಂಚನಾಮೆ ಆದರೂ ಇದೆ.

ಲಾವಣಿಯಲ್ಲಿ ಕೊರತೆ ಇಲ್ಲವೇ ಅಂದ್ರೆ ಇದೆ. ಬೇಡರಿಗೆ ಹತಾರ ಯಾಕೆ ಬೇಕಿತ್ತು ಅನ್ನೋದನ್ನ ಅದು ಮಾನದ ಮಾತಿನಲ್ಲೇ ಹೇಳ್ತದೆ, ಹೊಟ್ಟೆಯ ಮಾತಿನಲ್ಲಿ ಹೇಳೋದಿಲ್ಲ. ಬೇಟೆ, ಕಾವಲು, ದಂಡಿನ ಚಾಕರಿ, ಇವು ಅವರ ಅನ್ನ. ಹತಾರ ಕೊಟ್ಟರೆ ಮಾನ ಹೋದಂಗೆ ಅನ್ನೋದು ನಿಜ, ಕೂಲಿ ಹೋದಂಗೆ ಅನ್ನೋದೂ ಅಷ್ಟೇ ನಿಜ. ಕೇಳೋರಿಗೆ ಇದು ಗೊತ್ತಿದ್ದದ್ದೇ ಅಂತ ಕವಿ ಬಿಟ್ಟಿರಬಹುದು. ಆದರೆ ಗೊತ್ತಿಲ್ಲದ ನಾವು ಓದುವಾಗ ಅದು ಬರೀ ಮೀಸೆಯ ಕತೆಯಾಗಿಬಿಡ್ತದೆ. ಸ್ವಾತಂತ್ರ್ಯ ಹೋರಾಟ ಅನ್ನೋ ಚೀಟಿ ನಾವು ಆಮೇಲೆ ಅಂಟಿಸಿದ್ದು. ಚೀಟಿ ಸುಳ್ಳಲ್ಲ, ಆದರೆ ಅದರ ಅಂಟು ಜಾಸ್ತಿಯಾಗಿ ಕೆಳಗಿನ ಅಕ್ಷರ ಮುಚ್ಚಿಹೋಗಿದೆ.

ಆ ಕೆಳಗಿನ ಅಕ್ಷರ ಏನು ಅಂತ ತಿಳೀಬೇಕಾದ್ರೆ ಹಲಗಲಿಯ ಪಕ್ಕದಲ್ಲಿ ಕೊಡಗನ್ನ ಇಟ್ಟು ನೋಡಬೇಕು. ಯಾವ ಪಠ್ಯವೂ ಹಂಗೆ ಇಡೋದಿಲ್ಲ. 1861ರಲ್ಲಿ, ಅಂದ್ರೆ ಹಲಗಲಿಯ ಗಲ್ಲುಗಳಾಗಿ ನಾಲ್ಕು ವರ್ಷ ತುಂಬೋದರೊಳಗೆ, ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಅದೇ ಕಬ್ಬನ್. ಕಾರಣ ಏನು? 1857ರಲ್ಲಿ ಕೊಡಗು ನಿಷ್ಠೆಯಿಂದಿತ್ತು. ಬೇಡನಿಗೂ ಹತಾರ ಮಾನ, ಕೊಡವನಿಗೂ ಹತಾರ ಮಾನ. ಅಲ್ಲಿ ಮಗು ಹುಟ್ಟಿದರೆ ಈಡು, ಮನುಷ್ಯ ಸತ್ತರೆ ಈಡು, ಕೈಲ್‌ಪೊಳ್ದ್ ದಿನ ಕೋವಿಗೆ ಹೂವು. ಎರಡೂ ಕಡೆ ಪೂಜೆ ಒಂದೇ, ಕಾಯ್ದೆ ಎರಡು. ಒಬ್ಬರಿಗೆ ನೇಣು, ಇನ್ನೊಬ್ಬರಿಗೆ ಪ್ರಮಾಣಪತ್ರ. ಕೊಡವರ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಕಾಯ್ದೆ ಅಳೆದದ್ದು ಬಂದೂಕಿನ ಅಪಾಯವನ್ನಲ್ಲ, ಹಿಡಿದವನ ನಿಷ್ಠೆಯನ್ನ ಅಂತ ತೋರಿಸಲಿಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರೀತು. ಕೊಡವ ಜನಾಂಗಕ್ಕೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅಂತ ಕೇಂದ್ರ ಸರಕಾರ ಅದನ್ನ 2019ರಲ್ಲಿ ಮತ್ತೆ 10 ವರ್ಷಕ್ಕೆ, 2029ರವರೆಗೆ ಕೊಟ್ಟಿತು. ಅದನ್ನ ಪ್ರಶ್ನೆ ಮಾಡಿದ ಅರ್ಜಿಯನ್ನ 2021ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ.

ನಿಷ್ಠೆಯ ತಕ್ಕಡಿ ಆಮೇಲೆ ಇನ್ನೂ ಬಹಿರಂಗವಾಯ್ತು. 1878ರಲ್ಲಿ ಲಿಟ್ಟನ್ ಎರಡು ಕಾಯ್ದೆ ತಂದ: ದೇಶಭಾಷೆಯ ಪತ್ರಿಕೆಗಳಿಗೆ ಒಂದು, ಆಯುಧಗಳಿಗೆ ಒಂದು. ಯುರೋಪಿಯನ್ನನಿಗೆ ಲೈಸನ್ಸ್ ಬೇಡ, ಭಾರತೀಯನಿಗೆ ಬೇಕು. ಪತ್ರಿಕಾ ಕಾಯ್ದೆಯನ್ನ ರಿಪ್ಪನ್ 1882ರಲ್ಲಿ ತೆಗೆದುಹಾಕಿದ, ಆಯುಧದ್ದನ್ನ ಮುಟ್ಟಲಿಲ್ಲ. ಪೆನ್ನು ವಾಪಸ್ ಕೊಟ್ಟರು, ಕೋವಿ ಕೊಡಲಿಲ್ಲ. 1887ರ ಮದರಾಸು ಅಧಿವೇಶನದಿಂದಲೇ ಕಾಂಗ್ರೆಸ್ ಈ ಕಾಯ್ದೆಯ ವಿರುದ್ಧ ಠರಾವು ಮಾಡಲಿಕ್ಕೆ ಶುರು ಮಾಡಿತು. ಗಾಂಧೀಜಿ 1918ರಲ್ಲಿ ಖೇಡಾ ಕಡೆ ಸೈನ್ಯಕ್ಕೆ ಜನ ಸೇರಿಸುವಾಗ ಹಂಚಿದ ಕರಪತ್ರದಲ್ಲಿ, ಇಡೀ ಜನಾಂಗದ ಆಯುಧ ಕಸಿದ ಕಾಯ್ದೆಯನ್ನ ಬ್ರಿಟಿಷರ ಅತಿ ಕರಾಳ ಕೃತ್ಯಗಳ ಸಾಲಿನಲ್ಲಿ ಇಟ್ಟಿದ್ದರು. ಅಹಿಂಸೆಯ ಮನುಷ್ಯ ಯಾಕೆ ಹಂಗೆ ಹೇಳಿದ ಅಂತ ಇವತ್ತಿಗೂ ಕೆಲವರು ಮುಖ ಸಿಂಡರಿಸ್ತಾರೆ. ಆಯುಧ ಬೇಡ ಅಂತ ತಾನಾಗಿ ಕೆಳಗಿಡೋದಕ್ಕೂ, ನಿನ್ನನ್ನ ನಂಬೋದಿಲ್ಲ ಅಂತ ಇನ್ನೊಬ್ಬ ಕಸಿಯೋದಕ್ಕೂ ಇರೋ ಅಂತರ ಅವರಿಗೆ ಗೊತ್ತಿತ್ತು, ಅಷ್ಟೇ.

1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳೋ ಹಕ್ಕೂ ಇತ್ತು. ಸಂವಿಧಾನ ಸಭೆಯಲ್ಲಿ ಅದನ್ನ ನೆನಪಿಸಿದವರು ನಮ್ಮ ಮಂಗಳೂರಲ್ಲಿ ಹುಟ್ಟಿದ ಎಚ್. ವಿ. ಕಾಮತ್. 1948ರ ಡಿಸೆಂಬರ್‌ನಲ್ಲಿ ಅವರು ಆ ಹಕ್ಕನ್ನ ಸೇರಿಸೋ ತಿದ್ದುಪಡಿ ಮಂಡಿಸಿದರು. ಬಿದ್ದುಹೋಯ್ತು. ಗಾಂಧಿ ಕೊಲೆಯಾಗಿ ವರ್ಷ ತುಂಬಿರಲಿಲ್ಲ, ದೇಶ ವಿಭಜನೆಯ ರಕ್ತ ಆರಿರಲಿಲ್ಲ. ಅಂಥ ಹೊತ್ತಲ್ಲಿ ಯಾವ ಸಭೆ ಒಪ್ಪೀತು? ಸಭೆ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆಯುಧವನ್ನ ಹಕ್ಕು ಮಾಡಿಕೊಂಡ ಅಮೆರಿಕದಲ್ಲಿ ಶಾಲೆಯ ಮಕ್ಕಳಿಗೆ ಮೇಜಿನ ಕೆಳಗೆ ಅಡಗೋದನ್ನ ಕಲಿಸ್ತಾರೆ. ಅಲ್ಲಿಯೂ ತಕ್ಕಡಿ ಬೇರೆಯಾಗೇನೂ ಇಲ್ಲ ಅನ್ನೋದನ್ನ ಸೇರಿಸಬೇಕು: 1967ರಲ್ಲಿ ಕರಿಯರ ಬ್ಲ್ಯಾಕ್ ಪ್ಯಾಂಥರ್ಸ್ ಪಕ್ಷದವರು ತುಂಬಿದ ಬಂದೂಕು ಹಿಡಿದು ಬೀದಿಯಲ್ಲಿ ನಿಂತಾಗ, ಕ್ಯಾಲಿಫೋರ್ನಿಯಾದಲ್ಲಿ ರೇಗನ್ ಸಾಹೇಬರು ಬಂದೂಕು ನಿಯಂತ್ರಣದ ಮಸೂದೆಗೆ ಸಹಿ ಹಾಕಿದರು. ಬಂದೂಕು ಪ್ರಿಯರ ಸಂಘದ್ದೂ ಅದಕ್ಕೆ ಬೆಂಬಲ ಇತ್ತು.

ನಮ್ಮಲ್ಲಿ ಹೊಸ ಕಾಯ್ದೆ 1959ರಲ್ಲಿ ಬಂತು, ಜಾರಿಗೆ ಬಂದದ್ದು 1962ರಲ್ಲಿ. ಬಣ್ಣ ನೋಡಿ ಲೈಸನ್ಸ್ ಕೊಡೋ ಪದ್ಧತಿ ಅಷ್ಟರಲ್ಲಿ ಹೋಗಿತ್ತು. ಆದರೆ ಲೈಸನ್ಸ್ ಅನ್ನೋದು ಸರಕಾರ ತೋರೋ ಕೃಪೆ ಅನ್ನೋ ಒಳದನಿ ಹೋಗಲಿಲ್ಲ. ನಿನಗೆ ಬೆದರಿಕೆ ಏನಿದೆ, ನಿನ್ನ ಹೊಲ ಎಷ್ಟಿದೆ, ನಿನ್ನ ಬಗ್ಗೆ ಠಾಣೆಯ ಅಭಿಪ್ರಾಯ ಏನು ಅಂತ ಕೇಳಿ ಕೇಳಿ ಕೊಡೋದು. 2019ರ ತಿದ್ದುಪಡಿ ಒಬ್ಬರಿಗೆ ಮೂರು ಇದ್ದದ್ದನ್ನ ಎರಡಕ್ಕೆ ಇಳಿಸಿತು, ಲೈಸನ್ಸ್ ಅವಧಿಯನ್ನ 3 ವರ್ಷದಿಂದ 5ಕ್ಕೆ ಏರಿಸಿತು. ಇವೆಲ್ಲ ಸರಿಯಾದ ಹೆಜ್ಜೆಗಳೇ.

ಆ ಕಾಯ್ದೆಯಲ್ಲಿ ಮಳಗಿಯ ರೈತನಿಗೆ ಅಂತಲೇ ಬರೆದಂಥ ಒಂದು ಜಾಗ ಇದೆ, 13ನೇ ಕಲಮಿನ ಒಳಗೆ. ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬೋ ಕೋವಿಗೆ ಲೈಸನ್ಸ್ ಕೊಡಬಹುದು; ಅದು ಸಾಲೋದಿಲ್ಲ ಅಂತ ಅಧಿಕಾರಿಗೆ ಮನವರಿಕೆಯಾದರೆ ಬೇರೆ ಸಾದಾ ನಳಿಗೆಯ ಬಂದೂಕು. ಧರ್ಮಾ ಜಲಾಶಯದ ನೀರು ಉಂಡು ಬೆಳೆಯೋ ಭತ್ತ, ಗುಡ್ಡದ ಬದಿಯ ಗೋವಿನಜೋಳ, ಹೊಸ ಹೊಸ ಅಡಿಕೆ ತೋಟ, ಇವೆಲ್ಲಕ್ಕೂ ರಾತ್ರಿ ಹಂದಿ, ಹಗಲು ಮಂಗ. ಚಳಿಗಾಲಕ್ಕೆ ದಾಂಡೇಲಿ ಕಾಡಿನಿಂದ ಹಳಿಯಾಳ, ಮುಂಡಗೋಡದ ಗದ್ದೆಗಳಿಗೆ ಆನೆ ಹಿಂಡು. ರೈತ ಮಾಳ ಕಟ್ಟಿ ಕೂತಿರ್ತಾನೆ. ಕೈಯಲ್ಲಿ ಒಂದು ಕಾಯ್ದೆ ಕೊಟ್ಟ ಕೋವಿ. ಎದುರಿಗೆ ಬಂದದ್ದು ಇನ್ನೊಂದು ಕಾಯ್ದೆ, 1972ರ ವನ್ಯಜೀವಿ ಕಾಯ್ದೆ, ಕಾಪಾಡೋ ಪ್ರಾಣಿ. ಪರವಾನಗಿ ಇಲ್ಲದೆ ಹೊಡೆಯೋ ಹಂಗಿಲ್ಲ. ಹಿಂಗಾಗಿ ಕೋವಿಯಿಂದ ಕಾನೂನುಬದ್ಧವಾಗಿ ಹೊರಡೋದು ಸದ್ದು ಮಾತ್ರ. ಗರ್ನಾಲಿನಷ್ಟೇ ಕೆಲಸ, ಅದಕ್ಕೊಂದು ಲೈಸನ್ಸು, ನವೀಕರಣ, ಪೊಲೀಸ್ ವರದಿ.

ಇದನ್ನೆಲ್ಲ ಓದಿ, ರೈತನಿಗೆ ಬೇಕಾದಷ್ಟು ಬಂದೂಕು ಕೊಡ್ರಿ ಅಂತ ನಾನು ಹೇಳ್ತಾ ಇದ್ದೇನೆ ಅಂದ್ಕೋಬೇಡಿ. ಹಂದಿ ಅಂತ ತಿಳಿದು ಜೊತೆಗಾರನಿಗೇ ಈಡು ಬಿದ್ದ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸದಲ್ಲ. ದಾಯಾದಿ ಜಗಳದ ಮನೆಯಲ್ಲಿ ಗೋಡೆಗೆ ಕೋವಿ ತೂಗ್ತಿದ್ದರೆ ನಿದ್ದೆ ಬರೋದಿಲ್ಲ. ನಿಯಂತ್ರಣ ಬೇಕು. ನನ್ನ ಪ್ರಶ್ನೆ, ಈ ನಿಯಂತ್ರಣ ಯಾರ ಕಡೆ ಮುಖ ಮಾಡಿ ನಿಂತಿದೆ ಅನ್ನೋದು.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಎಂ. ಎಂ. ಕಲಬುರ್ಗಿಯವರ ಮನೆ ಬಾಗಿಲು ಬಡಿದವರ ಕೈಯಲ್ಲಿ ಇದ್ದದ್ದು 7.65 ಎಂಎಂ ನಾಡ ಪಿಸ್ತೂಲು. ಎರಡು ವರ್ಷ ಕಳೆದು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಲ್ಲಿ ಗೌರಿ ಲಂಕೇಶ್ ಮೇಲೆ ಹಾರಿದ ಗುಂಡುಗಳೂ ಅದೇ ಪಿಸ್ತೂಲಿನವು ಅಂತ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಎರಡು ವರ್ಷ ಆ ಒಂದು ಪಿಸ್ತೂಲು ಯಾವ ರಿಜಿಸ್ಟರಿನಲ್ಲೂ ಇಲ್ಲದೆ, ಯಾವ ನವೀಕರಣವೂ ಇಲ್ಲದೆ ಈ ರಾಜ್ಯದ ಎರಡು ಊರುಗಳಲ್ಲಿ ಕೆಲಸ ಮಾಡಿತು. ಕಾಯ್ದೆಯ ಕಾರಕೂನ ಅದರ ಮನೆಗೆ ಹೋಗಲೇ ಇಲ್ಲ, ಹೋಗಲಿಕ್ಕೆ ವಿಳಾಸ ಇರಲಿಲ್ಲ. ಅವನ ಹತ್ತಿರ ವಿಳಾಸ ಇರೋದು ತಾನಾಗಿ ಬಂದು ಹೆಸರು ಬರೆಸಿದವರದ್ದು ಮಾತ್ರ.

ಚುನಾವಣೆ ಬಂದಾಗ ಇದು ಕಣ್ಣಿಗೇ ಕಾಣ್ತದೆ. ನೀತಿಸಂಹಿತೆ ಜಾರಿಯಾದ ಕೂಡಲೇ ಲೈಸನ್ಸ್ ಇದ್ದವರೆಲ್ಲ ಠಾಣೆಗೆ ಬಂದೂಕು ಒಪ್ಪಿಸಬೇಕು ಅಂತ ಪ್ರಕಟಣೆ. ಚುನಾವಣಾ ಆಯೋಗದ ಸೂಚನೆ ಬೇರೆಯೇ ಇದೆ: ಜಿಲ್ಲೆಯ ಪರಿಶೀಲನಾ ಸಮಿತಿ ಒಬ್ಬೊಬ್ಬರ ವಿಷಯ ನೋಡಬೇಕು. ಜಾಮೀನಿನ ಮೇಲೆ ಹೊರಗಿದ್ದವರು, ಅಪರಾಧದ ಹಿನ್ನೆಲೆ ಇದ್ದವರು, ಹಿಂದೆ ಗಲಭೆಯಲ್ಲಿ ಸಿಕ್ಕಿಕೊಂಡವರು, ಇಂಥವರ ಆಯುಧ ತಗೋಬೇಕು. ಒಬ್ಬೊಬ್ಬರ ಕಡತ ನೋಡೋದಕ್ಕಿಂತ ಎಲ್ಲರನ್ನೂ ಕರೆಸೋದು ಸುಲಭ, ಅದಕ್ಕೇ ಮಲೆನಾಡಿನ ತೋಟದವರು ಪ್ರತಿ ಚುನಾವಣೆಗೂ ವಿನಾಯಿತಿ ಕೊಡ್ರಿ ಅಂತ ಮನವಿ ಹಿಡಿದು ನಿಲ್ತಾರೆ. ಠಾಣೆಯಲ್ಲಿ ರೈಟರು ನಳಿಗೆಯ ನಂಬರು ನೋಡಿ, ಪುಸ್ತಕದಲ್ಲಿ ಬರೆದು, ರಸೀದಿ ಹರಿದು ಕೊಡ್ತಾರೆ. ಯಾರೂ ಯಾರ ಕಪಾಳಕ್ಕೂ ಹೊಡೆಯೋದಿಲ್ಲ. 2024ರಲ್ಲಿ ನೀತಿಸಂಹಿತೆ ಮಾರ್ಚ್ 16ಕ್ಕೆ ಬಂತು, ಉತ್ತರ ಕನ್ನಡದಲ್ಲಿ ಮತದಾನ ಮೇ 7ಕ್ಕೆ ಮುಗೀತು. ಆದರೆ ದೇಶದ ಬೇರೆ ಕಡೆ ಇನ್ನೂ ಹಂತಗಳಿದ್ದವು, ಎಣಿಕೆ ಜೂನ್ 4ಕ್ಕೆ, ಸಂಹಿತೆ ತೆರವಾದದ್ದು ಜೂನ್ 6ಕ್ಕೆ. 80 ದಿನಕ್ಕೂ ಮಿಕ್ಕಿ. ಆ 80 ದಿನದಲ್ಲಿ ಹಲಸು ಹಣ್ಣಾಯ್ತು, ಬಾಳೆ ಗೊನೆ ಬಿಟ್ಟಿತು, ಬಿತ್ತನೆಗೆ ನೆಲ ಹದವಾಯ್ತು. ಹಂದಿಗಳಿಗೆ ನೀತಿಸಂಹಿತೆಯ ಸುದ್ದಿ ಹೇಗೆ ತಲುಪಿತೋ, ಮಾಳದಲ್ಲಿ ಕೂತವನು ಡಬ್ಬಿ ಬಡೀತಿದ್ದ.